ಗೃಹಸ್ಥರ ಕಾನೂನು ವಿಚಾರ: ಬಾಡಿಗೆ ಬಿಡಾರದ ಒಲೆ

ಮಣಿಪಾಲದಲ್ಲಿ ಬಾಡಿಗೆಯ ಬಿಡಾರ ಮಾಡಿಕೊಂಡಿರುವ ನಮ್ಮ ವಾಚಕ ಸೋದರಿಯೊಬ್ಬರು ಬರೆದ ಕಾಗದವು ಈ ತಿಂಗಳ ಬರಹಕ್ಕೆ ಕಾರಣವಾಗಿದೆ. ಅವರಿರುವುದು ಐದಂತಸ್ತಿನ ಕಟ್ಟಡ. ನೆಲದಂತಸ್ತಿನ ಕಬ್ಬಿಣದ ಪಂಜರವೊಂದರಲ್ಲಿ ಅನಿಲದ ಸಿಲಿಂಡರುಗಳ ಸಾಲು, ಅಲ್ಲಿಂದ ಹೊರಟ ಕೊಳವೆಯು ಪ್ರತಿಯೊಂದು ಅಡಿಗೆಮನೆಗೂ ಏರಿಹೋಗಿದೆ, ಮನೆಗೊಂದು ಮೀಟರು. ಇದಕ್ಕೆ ಜನರು ‘ಗ್ಯಾಸ್ ಬ್ಯಾಂಕ್’ ಎನ್ನುವರು. ಒಂದು ಬೆಳಿಗ್ಗೆ ಲಿಫ್ಟಿನ ಬಾಗಿಲಿಗೆ ಒಂದು ಚೀಟಿ ಅಂಟಿಸಲ್ಪಟ್ಟಿತು: ಬರುವ ತಿಂಗಳ ಮೊದಲ ತೇದಿಯಿಂದ ಗ್ಯಾಸ್ ಬ್ಯಾಂಕನ್ನು ತೆಗೆಯಲಾಗುವುದು, ನಿವಾಸಿಗಳು ತಮ್ಮ ವ್ಯವಸ್ಥೆ ತಾವೇ ಮಾಡಿಕೊಳ್ಳತಕ್ಕದ್ದು. ಸೋದರಿಯವರು ಪರದೇಶದಲ್ಲಿರುವ ಮನೆಯ ಯಜಮಾನರಿಗೆ ಫೋನು ಮಾಡಿದರೆ, ‘ಸಂಘದವರನ್ನು ಕೇಳಿರಿ’ ಎಂದು ಉತ್ತರ. ಸಂಘದವರನ್ನು ಕೇಳಿದರೆ, ‘ನಮಗೂ ಬಾಡಿಗೆಯವರಿಗೂ ಸಂಬಂಧವಿಲ್ಲ, ಯಜಮಾನರಿಂದ ಹೇಳಿಸಿರಿ’ ಎಂದು ಉತ್ತರ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯವರಿದ್ದಾರೆ. ಅವರಿಗೆ ಮೂರು ಹೊತ್ತೂ ತೆಳುಗಂಜಿಯೇ ಆಹಾರ. ಆಸ್ಪತ್ರೆಯ ಸಮೀಪವೆಂದೇ ಈ ಬಿಡಾರವನ್ನು ಹಿಡಿದದ್ದು. ‘ಒಲೆ ಆರಿದ ಮೇಲೆ ನಾವು ಮನೆ ಬಿಡುವುದೊಂದೇ ದಾರಿಯೆ?’ ಎಂದು ಅವರು ಕೇಳಿರುವರು.

ಮನೆ ಬಿಡಬೇಕಾಗಿಲ್ಲ. ಆದರೆ ಸುಮ್ಮನೆ ಕುಳಿತರೂ ಆಗದು. ಈ ಎರಡರ ನಡುವೆ ಏನೇನಿದೆಯೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಇಂತಹ ಪ್ರಸಂಗವು ಉಡುಪಿ, ಮಣಿಪಾಲಗಳ ಬಹುಮಹಡಿ ಕಟ್ಟಡಗಳಲ್ಲಿ ಒಂದು ಬಗೆಯಾಗಿಯೂ ಕಾಪು, ಕಾರ್ಕಳಗಳ ಬಿಡಿಮನೆಗಳಲ್ಲಿ ಬೇರೊಂದು ಬಗೆಯಾಗಿಯೂ ಬರತಕ್ಕದ್ದು.

ನಮ್ಮ ಸೀಮೆಯವರಿಗೆ ಒಕ್ಕಲುತನದ ವಿಚಾರ ಹೊಸದಲ್ಲ. ಮೂಲಗೇಣಿಯ ಒಕ್ಕಲು ಶಾಶ್ವತನು, ಚಾಲಗೇಣಿಯ ಒಕ್ಕಲು ಧಣಿಯ ಚಿತ್ತದಂತೆ ಇರತಕ್ಕವನು ಎಂಬ ಭೇದವನ್ನು ಹಳೆಯ ತಲೆಯವರೆಲ್ಲ ಬಲ್ಲರು. ಭೂಸುಧಾರಣೆಯ ಶಾಸನವು 1974ರ ಮಾರ್ಚ್ 1ರಿಂದ ಗೇಣಿಯ ಗದ್ದೆಗಳನ್ನು ಸರಕಾರಕ್ಕೆ ಸೇರಿಸಿ ಉಳುವವನಿಗೆ ಹಕ್ಕು ಕೊಡುವ ದಾರಿ ತೆರೆಯಿತು. ಆ ಸುಧಾರಣೆ ಗದ್ದೆಗೆ ಬಂತು. ಪೇಟೆಯ ಬಾಡಿಗೆ ಬಿಡಾರಕ್ಕೆ ಬರಲಿಲ್ಲ. ಆದರೂ ಹಿಂದಿನ ಚಾಲಗೇಣಿಯ ಒಕ್ಕಲಿಗೂ ಒಂದು ಸ್ವಾತಂತ್ರ್ಯವಿತ್ತು. ಅವನ ಒಲೆ ಅವನದೇ. ಗೆರಟೆ, ಮಡಲು, ಕೊತ್ತಳಿಂಗೆ ಕೂಡಿಹಾಕಿದರೆ ಮಳೆಗಾಲ ಕಳೆಯುತ್ತಿತ್ತು. ಧಣಿಯು ಎಷ್ಟು ಮುನಿದರೂ ಒಲೆಯ ಬೆಂಕಿಯನ್ನು ಬೀಗ ಹಾಕಿ ನಿಲ್ಲಿಸಲಾರನು. ಈಗ ಬೆಂಕಿಯು ಗೋಡೆಯೊಳಗಿನ ಕೊಳವೆಯಲ್ಲಿ ಬರುತ್ತಿದೆ. ಕೊಳವೆ ಒಬ್ಬರದು, ಗೋಡೆ ಇನ್ನೊಬ್ಬರದು, ಹಸಿವು ಮೂರನೆಯವರದು. ಕಷ್ಟದ ಮೂಲ ಇಲ್ಲಿದೆ.

ಕಾನೂನಿನ ಮಾತಿಗೆ ಬರೋಣ. ಕರ್ನಾಟಕದಲ್ಲಿ ಬಾಡಿಗೆಯ ವಿಷಯದಲ್ಲಿ ಪ್ರತ್ಯೇಕ ಶಾಸನವಿದೆ. 1961ರ ಹಳೆಯ ಶಾಸನವನ್ನು ರದ್ದುಗೊಳಿಸಿ ಬಂದ 1999ರ ಬಾಡಿಗೆ ಅಧಿನಿಯಮವು 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ನೀರು, ವಿದ್ಯುತ್ತು ಮೊದಲಾದ ಅತ್ಯವಶ್ಯಕ ಸೌಕರ್ಯಗಳನ್ನು ಮನೆಯ ಯಜಮಾನನು ಕಡಿಯಕೂಡದೆಂದು ಅದರಲ್ಲಿದೆ. ಕೇಳಲು ಬಹಳ ಹಿತವಾಗಿದೆ. ಆದರೆ ಈ ಅಧಿನಿಯಮವು ತನ್ನ ಅನುಸೂಚಿಯಲ್ಲಿ ಹೇಳಿದ ಸ್ಥಳಗಳಿಗೆ ಮಾತ್ರ ಅನ್ವಯಿಸುವುದು. ಅಲ್ಲದೆ ಬೆಂಗಳೂರಿನಂತಹ ಮೊದಲ ವರ್ಗದ ಸ್ಥಳಗಳಲ್ಲಿ ತಿಂಗಳಿಗೆ 3500 ರೂಪಾಯಿ, ಉಳಿದೆಡೆ 2000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ಹೊರಗಿಟ್ಟಿದೆ. ಮಣಿಪಾಲದಲ್ಲಿ ಇಂದು 2000 ರೂಪಾಯಿಗೆ ಒಂದು ಕೋಣೆ ಸಿಕ್ಕುವುದೂ ದುರ್ಲಭ. ಆದುದರಿಂದ ಈ ಶಾಸನದ ಕೊಡೆಯು ನಮ್ಮ ವಾಚಕರಲ್ಲಿ ಬಹುಮಂದಿಯ ತಲೆಯ ಮೇಲೆ ಬಾರದು. ‘ಬಾಡಿಗೆ ಕಾನೂನು ಇದೆ, ನೋಡಿಕೊಳ್ಳುತ್ತೇವೆ’ ಎಂದು ಯಜಮಾನರೆದುರು ಗದರಿಸುವ ಮೊದಲು ಇದನ್ನು ತಿಳಿದಿರುವುದು ಒಳ್ಳೆಯದು.

ಇಂತಹ ರಕ್ಷಣೆಯ ವಿಚಾರ ಎಷ್ಟು ಹಳೆಯದೆಂಬುದನ್ನು ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಚಾಳುಗಳಲ್ಲಿ ಬಾಳಿದ ನಮ್ಮ ಜಿಲ್ಲೆಯವರು ಬಲ್ಲರು. ಅಲ್ಲಿಯ 1947ರ ಬಾಡಿಗೆ ನಿಯಂತ್ರಣ ಶಾಸನದಲ್ಲಿಯೇ ಯಜಮಾನನು ಅವಶ್ಯಕ ಪೂರೈಕೆಯನ್ನು ಕಡಿಯಕೂಡದೆಂಬ ಕಲಮು ಇತ್ತು. ಅದರ ಸ್ಥಾನಕ್ಕೆ ಬಂದ ಮಹಾರಾಷ್ಟ್ರದ 1999ರ ಶಾಸನದಲ್ಲಿಯೂ ಇದೆ. ಕೇಂದ್ರ ಸರಕಾರವು 2021ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅವಶ್ಯಕ ಸೇವೆಗಳ ಪಟ್ಟಿಯಲ್ಲಿ ಕೊಳವೆಯ ಅಡಿಗೆ ಅನಿಲವನ್ನು ಹೆಸರು ಹೇಳಿ ಸೇರಿಸಿತು. ಆದರೆ ಮಾದರಿಯು ಮಾದರಿಯೇ. ಯಾವ ರಾಜ್ಯವು ಅದನ್ನು ತನ್ನ ಶಾಸನವನ್ನಾಗಿ ಮಾಡಿಕೊಳ್ಳುವುದೋ ಅಲ್ಲಿ ಮಾತ್ರ ಅದಕ್ಕೆ ಬಲ.

ಹಾಗಾದರೆ ನಮಗೆ ಉಳಿದದ್ದೇನು? ಉಳಿದದ್ದು 1882ರ ಸ್ವತ್ತು ವರ್ಗಾವಣೆ ಕಾಯಿದೆ. ಹಳೆಯದಾದರೂ ಗಟ್ಟಿಮುಟ್ಟಾದ ಕಾಯಿದೆ. ಬಾಡಿಗೆ ಎಷ್ಟೇ ಇದ್ದರೂ ಇದು ಅನ್ವಯಿಸುವುದು. ಇದರ 108ನೆಯ ಕಲಮಿನಂತೆ, ಬಾಡಿಗೆ ಕೊಟ್ಟು ಕರಾರಿನಂತೆ ನಡೆಯುವವನು ಅಡಚಣೆಯಿಲ್ಲದೆ ಆ ಮನೆಯನ್ನು ಅನುಭವಿಸುವ ಹಕ್ಕುಳ್ಳವನು. ಯಜಮಾನನು ಮಾಡಿಸಿಕೊಡಲು ಬದ್ಧನಾದ ದುರಸ್ತಿಯನ್ನು ತಿಳುವಳಿಕೆ ಕೊಟ್ಟ ಮೇಲೂ ತಕ್ಕ ಕಾಲದೊಳಗೆ ಮಾಡಿಸದಿದ್ದರೆ, ಬಾಡಿಗೆಯವನು ತಾನೇ ಮಾಡಿಸಿ ಆ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಅದೇ ಕಾಯಿದೆಯ 8ನೆಯ ಕಲಮು, ಮನೆಯೊಂದು ಕೈಬದಲಾದಾಗ ಅದರ ಬೀಗ, ಬೀಗದ ಕೈ, ಬಾಗಿಲು, ಕಿಟಕಿಗಳೊಡನೆ ಆ ಮನೆಯ ಶಾಶ್ವತ ಉಪಯೋಗಕ್ಕಾಗಿ ಒದಗಿಸಿದ ಉಳಿದ ವಸ್ತುಗಳೂ ಕೂಡಿಯೇ ಹೋಗುವುವೆನ್ನುತ್ತದೆ. ಗೋಡೆಗೆ ಬಿಗಿದ ಅನಿಲದ ಕೊಳವೆಯು ಇಂತಹ ವಸ್ತುವಲ್ಲವೆ? ಹೌದೆಂದು ವಾದಿಸಲು ಅವಕಾಶವಿದೆಯೆಂದು ನಾವು ಭಾವಿಸುತ್ತೇವೆ. ಬಾಡಿಗೆ ಗೊತ್ತುಮಾಡುವಾಗ ‘ಗ್ಯಾಸ್ ಸೌಕರ್ಯವುಳ್ಳ ಮನೆ’ ಎಂದು ಹೇಳಿ ಅದಕ್ಕೆ ತಕ್ಕ ಹಣ ಗೊತ್ತುಮಾಡಿದ್ದರಂತೂ ಆ ವಾದಕ್ಕೆ ಬಲ ಹೆಚ್ಚು. ಕರಾರುಪತ್ರದಲ್ಲಿ ಆ ಮಾತು ಬರೆದಿದ್ದರೆ ವಾದದ ಅಗತ್ಯವೇ ಇಲ್ಲ.

ನಮ್ಮಲ್ಲಿ ಹನ್ನೊಂದು ತಿಂಗಳ ಕರಾರು ಬರೆಯುವ ವಾಡಿಕೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು ಎಂಬ ನಿಯಮದಿಂದ ತಪ್ಪಿಸಿಕೊಳ್ಳಲು ಹುಟ್ಟಿದ ವಾಡಿಕೆಯಿದು. ಆ ಎರಡು ಹಾಳೆಗಳಲ್ಲಿ ಬಣ್ಣ ಬಳಿಸುವ ವೆಚ್ಚ, ಮೊಳೆ ಹೊಡೆಯಬಾರದೆಂಬ ನಿಷೇಧ, ಮೀನು ಮಾಂಸದ ವಿಚಾರ ಎಲ್ಲವೂ ಇರುತ್ತವೆ. ಒಲೆಯ ವಿಚಾರ ಒಂದು ಸಾಲೂ ಇರುವುದಿಲ್ಲ. ಹೊಸದಾಗಿ ಬಿಡಾರ ಹಿಡಿಯುವವರು ಅಡಿಗೆ ಅನಿಲ, ನೀರು, ವಿದ್ಯುತ್ತು ಯಾರ ಹೆಸರಿನಲ್ಲಿವೆ, ಠೇವಣಿ ಯಾರು ಕಟ್ಟಿದ್ದಾರೆ, ಪೂರೈಕೆ ನಿಂತರೆ ಬದಲಿ ವ್ಯವಸ್ಥೆಯ ವೆಚ್ಚ ಯಾರದು ಎಂಬುದನ್ನು ಬರೆಯಿಸಿಕೊಳ್ಳತಕ್ಕದ್ದು.

ಇನ್ನು ಸಂಘದವರ ಮಾತು. ‘ನಮಗೂ ಬಾಡಿಗೆಯವರಿಗೂ ಸಂಬಂಧವಿಲ್ಲ’ ಎಂಬುದು ಪೂರ್ತಿ ಸರಿಯಲ್ಲ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲಿಕತ್ವದ ಶಾಸನಕ್ಕೆ ಒಳಪಟ್ಟು ಘೋಷಣಾಪತ್ರ ಮಾಡಿಕೊಂಡ ಕಟ್ಟಡಗಳಲ್ಲಿ, ಎಲ್ಲರಿಗೂ ಸಮಾನವಾಗಿ ಸೇರಿದ ಸೌಕರ್ಯಗಳ ಪಟ್ಟಿಯಲ್ಲಿ ವಿದ್ಯುತ್ತು, ನೀರುಗಳ ಜತೆಗೆ ಅನಿಲದ ವ್ಯವಸ್ಥೆಯ ಹೆಸರೂ ಇದೆ. ಸಂಘದ ನಿಯಮಾವಳಿಗೆ ಮಾಲಿಕರಂತೆ ಬಾಡಿಗೆಯವರೂ ಅಧೀನರೆಂದು ಅದೇ ಶಾಸನ ಹೇಳುವುದು. ದಂಡ ಹಾಕುವಾಗ ಬಾಡಿಗೆಯವರು ಸಂಘಕ್ಕೆ ಸಂಬಂಧಪಟ್ಟವರು, ಒಲೆ ಆರಿಸುವಾಗ ಮಾತ್ರ ಸಂಬಂಧವಿಲ್ಲದವರು ಎಂದರೆ ನ್ಯಾಯವೆ? ಆದರೂ ಸಭೆಯಲ್ಲಿ ಮತವಿರುವುದು ಮಾಲಿಕನಿಗೆ. ಆದುದರಿಂದ ಬಾಡಿಗೆಯವರು ತಮ್ಮ ಆಕ್ಷೇಪವನ್ನು ಮಾಲಿಕನ ಮೂಲಕವೇ, ಲಿಖಿತವಾಗಿ ಹೇಳಿಸುವುದು ಮೇಲು. ಸಾಮಾನ್ಯ ಸಭೆ ಕೂಡಿ ಈ ನಿರ್ಣಯ ಮಾಡಿದೆಯೆ, ಯಾವ ಕಾರಣ ಬರೆದಿದೆ ಎಂಬುದನ್ನು ಕೇಳಿ ತಿಳಿಯಬೇಕು.

ಕಾರಣವೇ ಇಲ್ಲಿ ಮುಖ್ಯ. ಕೊಳವೆ ಹಳತಾಗಿ ಸೋರುತ್ತಿದ್ದರೆ ಅದನ್ನು ತೆಗೆಯುವುದನ್ನು ಯಾರೂ ತಡೆಯಬಾರದು. ಹತ್ತು ಮನೆಯ ಪ್ರಾಣದ ಮುಂದೆ ಒಂದು ತಿಂಗಳ ಅನಾನುಕೂಲ ದೊಡ್ಡದಲ್ಲ. ಪೂರೈಕೆಯ ಗುತ್ತಿಗೆದಾರನೊಡನೆ ಜಗಳವಾಗಿ ತೆಗೆಯುವುದಾದರೆ, ಬದಲಿ ಸಿದ್ಧವಾಗುವವರೆಗೆ ಕಾಯಿರಿ ಎಂದು ಕೇಳುವುದು ಯುಕ್ತ. ಮನೆ ಖಾಲಿ ಮಾಡಿಸುವ ಉಪಾಯವಾಗಿ ತೆಗೆಯುವುದಾದರೆ ಸಂಗತಿಯೇ ಬೇರೆ. ತಿಂಗಳ ಬಾಡಿಗೆಯ ಒಕ್ಕಲುತನ ಮುಗಿಸಲು ಹದಿನೈದು ದಿನಗಳ ಲಿಖಿತ ನೋಟೀಸು ಬೇಕೆಂದು 106ನೆಯ ಕಲಮಿನಲ್ಲಿದೆ. ನೋಟೀಸಿನ ಅವಧಿ ತೀರಿದ ಮೇಲೂ ಬಾಡಿಗೆಯವರು ಏಳದಿದ್ದರೆ ಯಜಮಾನನು ನ್ಯಾಯಾಲಯಕ್ಕೆ ಹೋಗಬೇಕೇ ಹೊರತು ಕೊಳವೆ ಕೊಯ್ಯುವುದಾಗಲಿ ಬೀಗ ಜಡಿಯುವುದಾಗಲಿ ಸಲ್ಲದು. ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದೆಂದು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮು ಹೇಳುವುದು. ಹೊರಹಾಕುವ ಮೊದಲೇ ತಡೆಯಾಜ್ಞೆ ಕೇಳುವ ದಾರಿಯೂ ತೆರೆದಿದೆ. ಬಾಡಿಗೆಯನ್ನು ಮಾತ್ರ ನಿಲ್ಲಿಸಕೂಡದು. ಸಿಟ್ಟಿನಿಂದ ಬಾಡಿಗೆ ನಿಲ್ಲಿಸಿದವನು ತನ್ನ ಕೈಯಲ್ಲಿದ್ದ ನ್ಯಾಯವನ್ನು ಎದುರಾಳಿಗೆ ದಾನ ಮಾಡಿದಂತೆ. ಯಜಮಾನನು ಕೈಯಲ್ಲಿ ತೆಗೆದುಕೊಳ್ಳದಿದ್ದರೆ ಬ್ಯಾಂಕಿನ ಮೂಲಕ ಸಲ್ಲಿಸಿ ರಸೀದಿ ಇಡಬೇಕು.

ಕಾಪು, ಕಾರ್ಕಳಗಳ ಕಡೆ ಬಿಡಿಮನೆಗಳಲ್ಲಿ ಕೊಳವೆಯ ಪ್ರಶ್ನೆ ವಿರಳ. ಅಲ್ಲಿ ಆಗುವುದು ಹೀಗೆ: ಮುಂದಿನ ಮನೆಯಲ್ಲಿ ಯಜಮಾನರು, ಹಿಂದಿನ ಚಿಕ್ಕ ಮನೆಯಲ್ಲಿ ಬಾಡಿಗೆಯವರು. ‘ನಮ್ಮಲ್ಲಿ ಒಂದು ಹೆಚ್ಚಿನ ಸಿಲಿಂಡರು ಇದೆ, ಅದನ್ನೇ ಇಟ್ಟುಕೊಳ್ಳಿ’ ಎಂದು ಪ್ರೀತಿಯಿಂದಲೇ ಕೊಡುವರು. ಒಂದು ದಿನ ನೀರಿನ ಪಂಪಿನ ವಿಷಯಕ್ಕೋ ಮಕ್ಕಳ ಗಲಾಟೆಗೋ ಮನಸ್ತಾಪವಾದರೆ ಮೊದಲು ಹೋಗುವುದು ಆ ಸಿಲಿಂಡರು. ಇಲ್ಲಿ ಬಾಡಿಗೆಯವರಿಗೆ ಹೇಳಲು ಮಾತೇ ಇಲ್ಲ. ಒಬ್ಬರ ಹೆಸರಿನ ಸಿಲಿಂಡರನ್ನು ಇನ್ನೊಂದು ಕುಟುಂಬವು ಉರಿಸುವುದು ನಿಯಮಕ್ಕೆ ಒಪ್ಪುವುದಿಲ್ಲ. ಅವಘಡವಾದರೆ ತೈಲ ಕಂಪೆನಿಗಳ ವಿಮೆಯಿಂದ ಆಸ್ತಿನಷ್ಟಕ್ಕೆ ಪರಿಹಾರ ಸಿಕ್ಕುವುದು ಗ್ರಾಹಕನ ನೋಂದಾಯಿತ ವಿಳಾಸದಲ್ಲಿ ಆದದ್ದಕ್ಕೆ ಮಾತ್ರ.

ಪರಿಹಾರ ಸುಲಭವಾಗಿದೆ. ಸಿಲಿಂಡರಿನ ಸಂಪರ್ಕವನ್ನು ಬಾಡಿಗೆಯವರು ತಮ್ಮ ಹೆಸರಿನಲ್ಲಿಯೇ ಪಡೆಯಬಹುದು. ವಿಳಾಸದ ಆಧಾರವಾಗಿ ಬಾಡಿಗೆ ಕರಾರುಪತ್ರ ಸಲ್ಲುತ್ತದೆ. ಠೇವಣಿ ಕಟ್ಟಿದ್ದಕ್ಕೆ ಕೊಡುವ ಪತ್ರವನ್ನು ಜೋಪಾನವಾಗಿಟ್ಟರೆ ಊರು ಬಿಡುವಾಗ ಸಂಪರ್ಕವನ್ನು ಬೇರೆಡೆಗೆ ವರ್ಗಾಯಿಸಬಹುದು, ಇಲ್ಲವೆ ಸಿಲಿಂಡರು ಒಪ್ಪಿಸಿ ಠೇವಣಿ ಹಿಂಪಡೆಯಬಹುದು. ಕಾಗದಪತ್ರಗಳು ಕೂಡುವ ತನಕ 5 ಕಿಲೋಗ್ರಾಮಿನ ಚಿಕ್ಕ ಸಿಲಿಂಡರು ಗುರುತುಚೀಟಿ ತೋರಿಸಿದರೆ ವಿಳಾಸದ ಪುರಾವೆಯಿಲ್ಲದೆಯೇ ದೊರೆಯುವುದು. ಒಂಟಿ ವಿದ್ಯಾರ್ಥಿಗಳಿಗೂ ರೋಗಿಯೊಡನೆ ಬಂದವರಿಗೂ ಇದು ದೊಡ್ಡ ಉಪಕಾರ. ಮಣಿಪಾಲದ ಸೋದರಿಯವರಿಗೆ ನಾವು ಹೇಳುವ ಮೊದಲ ಮಾತು ಇದೇ: ಹಕ್ಕಿನ ಪತ್ರವ್ಯವಹಾರ ನಡೆಯುತ್ತಿರಲಿ, ಅತ್ತೆಯವರ ಗಂಜಿಗೆ ಚಿಕ್ಕ ಸಿಲಿಂಡರನ್ನು ಈ ವಾರವೇ ತರಿಸಿಕೊಳ್ಳಿರಿ. ಬಹುಮಹಡಿಯ ಮನೆಯೊಳಗೆ ಸಿಲಿಂಡರು ಇಡಲು ಸಂಘದ ನಿಯಮದಲ್ಲಿ ಅಡ್ಡಿಯಿದ್ದರೆ, ಕೊಳವೆ ತೆಗೆದವರೇ ಆ ಅಡ್ಡಿಯನ್ನೂ ತೆಗೆಯಬೇಕೆಂದು ಕೇಳುವ ಹಕ್ಕು ನಿಮಗಿದೆ.

‘ವಿದ್ಯುತ್ತಿನ ಒಲೆ ತಂದುಕೊಳ್ಳಿರಿ, ಅದಕ್ಕೇನು?’ ಎನ್ನುವ ಯಜಮಾನರೂ ಇರುವರು. ಅಡಿಗೆಮನೆ ಹೊಕ್ಕು ನೋಡದವರ ಮಾತಿದು. ಇಂಡಕ್ಷನ್ ಒಲೆಯ ಮೇಲೆ ಅಲ್ಯುಮಿನಿಯಮ್ಮಿನ ಪಾತ್ರೆ ಬಿಸಿಯಾಗದು, ತಾಮ್ರವಾಗದು, ಮಣ್ಣಿನ ಗಡಿಗೆ ಆಗದು. ಅಯಸ್ಕಾಂತ ಹಿಡಿಯುವ ಸಪಾಟು ತಳದ ಪಾತ್ರೆಯೇ ಬೇಕು. ಅಂದರೆ ಒಲೆಯ ಜತೆಗೆ ಪಾತ್ರೆಗಳನ್ನೂ ಕೊಳ್ಳಬೇಕು. ನಮ್ಮ ಕುಚ್ಚಲಕ್ಕಿಯು ಬೆಳ್ತಿಗೆ ಅಕ್ಕಿಗಿಂತ ಬಹಳ ಹೊತ್ತು ಕುದಿಯತಕ್ಕದ್ದು. 2000 ವಾಟಿನ ಒಲೆಯು ಪೂರ್ಣ ಬಲದಿಂದ ದಿನಕ್ಕೆ ಒಂದು ಗಂಟೆ ನಡೆದರೂ 2 ಯೂನಿಟು, ತಿಂಗಳಿಗೆ 60 ಯೂನಿಟು. ಹಳೆಯ ಕಟ್ಟಡಗಳ ಅಡಿಗೆಮನೆಯಲ್ಲಿ ಇಷ್ಟು ಭಾರ ತಾಳುವ ದಪ್ಪ ತಂತಿ ಮತ್ತು 15–16 ಆಂಪಿಯರಿನ ಸಾಕೆಟ್ಟು ಇದೆಯೆ ಎಂದು ಬಲ್ಲ ವಿದ್ಯುತ್ ಕೆಲಸಗಾರನಿಂದ ನೋಡಿಸದೆ ಒಲೆ ಹಚ್ಚುವುದು ಅಪಾಯ. ಆ ತಂತಿಯ ವೆಚ್ಚ ಯಜಮಾನನದೇ ಆಗಬೇಕು; ಏಕೆಂದರೆ ಬಾಡಿಗೆಯವರು ಹೋದ ಮೇಲೆ ತಂತಿಯು ಗೋಡೆಯಲ್ಲಿಯೇ ಉಳಿಯುವುದು.

ಇನ್ನೊಂದು ಲೆಕ್ಕವನ್ನೂ ಗೃಹಿಣಿಯರು ಗಮನಿಸಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆಯವರಿಗೂ ಪಾಲಿದೆ. ಆದರೆ ಉಚಿತವಾದದ್ದು ಆ ಮನೆಯ ಹಿಂದಿನ ಸರಾಸರಿ ಬಳಕೆಗೆ ಅಲ್ಪಭಾಗ ಸೇರಿಸಿದಷ್ಟು ಮಾತ್ರ. ಅದಕ್ಕೆ ಮೀರಿದ ಯೂನಿಟುಗಳಿಗೆ ಹಣ ಕೊಡಬೇಕು, 200 ಯೂನಿಟು ದಾಟಿದರೆ ಪೂರ್ತಿ ಬಿಲ್ಲನ್ನೇ ತೆರಬೇಕು. ಅನಿಲದ ಒಲೆಯನ್ನು ನಂಬಿದ್ದ ಮನೆಯ ಹಳೆಯ ಸರಾಸರಿ ಕಡಿಮೆಯೇ ಇರುವುದು. ಅದರ ಮೇಲೆ 60 ಯೂನಿಟು ಬಿದ್ದರೆ ಆ ಹೊರೆ ಬಾಡಿಗೆಯವರ ತಲೆಗೆ. ಬಾಡಿಗೆಯನ್ನು ಇಳಿಸಿರಿ ಎಂದು ಕೇಳುವಾಗ ಈ ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸಿದರೆ ಮಾತಿಗೆ ತೂಕ ಬರುವುದು.

ವಿದ್ಯುತ್ತಿನ ವಿಷಯದಲ್ಲಿ ಬಾಡಿಗೆಯವರ ಸ್ಥಿತಿ ಅನಿಲಕ್ಕಿಂತ ಭದ್ರವಾಗಿದೆಯೆಂಬುದನ್ನೂ ಹೇಳಬೇಕು. 2003ರ ವಿದ್ಯುಚ್ಛಕ್ತಿ ಶಾಸನದ 43ನೆಯ ಕಲಮು, ಮಾಲಿಕನಾಗಲಿ ವಾಸವಿರುವವನಾಗಲಿ ಅರ್ಜಿ ಕೊಟ್ಟರೆ ಸಂಪರ್ಕ ಕೊಡತಕ್ಕದ್ದೆನ್ನುತ್ತದೆ. ಯಜಮಾನನು ಒಪ್ಪಿಗೆಪತ್ರ ಕೊಡಲಿಲ್ಲವೆಂಬ ಕಾರಣದಿಂದ ಬಾಡಿಗೆಯವನಿಗೆ ವಿದ್ಯುತ್ತನ್ನು ನಿರಾಕರಿಸಕೂಡದು, ಅರ್ಜಿದಾರನು ಆ ಮನೆಯಲ್ಲಿ ವಾಸವಿರುವನೆ ಎಂಬುದಷ್ಟನ್ನೇ ನೋಡಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2022ರ ಮೇ ತಿಂಗಳಲ್ಲಿ ಹೇಳಿದೆ. ಮೆಸ್ಕಾಂ ಕಚೇರಿಗೆ ಹೋಗುವವರು ಇದನ್ನು ನೆನಪಿನಲ್ಲಿಡಬಹುದು.

ಗ್ಯಾಸ್ ಬ್ಯಾಂಕು ಹೋಗಿ ನೈಸರ್ಗಿಕ ಅನಿಲದ ಕೊಳವೆ ಬರುವ ಪ್ರಸಂಗವೂ ಮುಂದೆ ಹೆಚ್ಚಬಹುದು. ಕೊಚ್ಚಿಯಿಂದ ಮಂಗಳೂರಿಗೆ ದೊಡ್ಡ ಕೊಳವೆಮಾರ್ಗವು 2021ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಉಡುಪಿ ಜಿಲ್ಲೆಯಲ್ಲಿ ಮನೆಗಳಿಗೆ ಅನಿಲ ಹಂಚುವ ಅನುಮತಿಯು 2018ರ ಹರಾಜಿನಲ್ಲಿ ಅದಾನಿ ಗ್ಯಾಸ್ ಕಂಪೆನಿಗೆ ದೊರೆಯಿತು. ಈ ಬದಲಾವಣೆಯಲ್ಲಿ ಒಲೆಯ ಜೆಟ್ಟನ್ನು ಬದಲಿಸಬೇಕು. ಸಿಲಿಂಡರಿನ ಅನಿಲಕ್ಕೆ ಮಾಡಿದ ರಂಧ್ರವು ನೈಸರ್ಗಿಕ ಅನಿಲಕ್ಕೆ ಸಾಲದು. ಮನೆಯವರೇ ಸೂಜಿ ಹಾಕಿ ರಂಧ್ರ ಹಿಗ್ಗಿಸುವ ಸಾಹಸ ಮಾಡಕೂಡದು. ಸಿಲಿಂಡರಿನ ಸಂಪರ್ಕವು ಮನುಷ್ಯನ ಹಿಂದೆ ಹೋಗತಕ್ಕದ್ದು, ಕೊಳವೆಯ ಸಂಪರ್ಕವು ಮನೆಗೇ ಅಂಟಿಕೊಳ್ಳತಕ್ಕದ್ದು. ಆದುದರಿಂದ ಹೊಸ ಕೊಳವೆಯ ಠೇವಣಿಯನ್ನು ಯಜಮಾನನೇ ಕಟ್ಟುವುದು ನ್ಯಾಯ. ಬಾಡಿಗೆಯವರು ಕಟ್ಟಿದರೆ ರಸೀದಿ ತಮ್ಮ ಹೆಸರಿಗಿರಲಿ, ಮನೆ ಬಿಡುವಾಗ ಅದನ್ನು ಯಜಮಾನನು ಹಿಂದಿರುಗಿಸುವನೆಂದು ಬರೆಯಿಸಿಕೊಳ್ಳಲಿ.

ಹಾಲೆಂಡ್ ದೇಶದವರು ಮನೆಗಳಿಂದ ಅನಿಲವನ್ನೇ ತೆಗೆದುಹಾಕುವ ಕಾರ್ಯಕ್ಕೆ ಕೈಹಾಕಿದ್ದಾರೆ. 2018ರ ಜುಲೈಯಿಂದ ಅಲ್ಲಿ ಹೊಸ ಮನೆಗಳಿಗೆ ಸಾಮಾನ್ಯವಾಗಿ ಅನಿಲದ ಸಂಪರ್ಕವಿಲ್ಲ. ಹತ್ತು ಅಥವಾ ಹೆಚ್ಚು ಬಾಡಿಗೆ ಮನೆಗಳುಳ್ಳ ಕಟ್ಟಡವನ್ನು ನವೀಕರಿಸುವ ಯಜಮಾನನು ಮೊದಲು ತನ್ನ ಪ್ರಸ್ತಾಪವನ್ನು ಬಾಡಿಗೆಯವರ ಮುಂದಿಡಬೇಕು. ನೂರಕ್ಕೆ 70 ಮಂದಿ ಒಪ್ಪಿದರೆ ಆ ಪ್ರಸ್ತಾಪವು ಯುಕ್ತವೆಂದು ಕಾನೂನು ಭಾವಿಸುವುದು. ಲಿಫ್ಟಿನ ಬಾಗಿಲಿಗೆ ಚೀಟಿ ಅಂಟಿಸಿ ಮುಗಿಸುವ ಪದ್ಧತಿಗೂ ಇದಕ್ಕೂ ಇರುವ ಅಂತರವನ್ನು ನಮ್ಮ ಸಂಘಗಳವರು ನೋಡಬೇಕು. ಬಾಡಿಗೆಯವರನ್ನೂ ಕೂಡಿಸಿ ಒಂದು ಸಂಜೆ ಮಾತಾಡಲು ಯಾವ ಶಾಸನವೂ ಬೇಕಾಗಿಲ್ಲ.

ಯಜಮಾನರಿಗೆ ಬರೆಯತಕ್ಕ ಕಾಗದವು ಚಿಕ್ಕದಾಗಿಯೂ ಮರ್ಯಾದೆಯಿಂದಲೂ ಇರಲಿ. ಹೀಗೆ ಬರೆಯಬಹುದು: ‘ಮಾನ್ಯರೇ, ತಮ್ಮ ಮನೆಯನ್ನು ಇಂಥ ತೇದಿಯ ಕರಾರಿನಂತೆ ನಾವು ಬಾಡಿಗೆಗೆ ಪಡೆದಾಗ ಅಡಿಗೆ ಅನಿಲದ ಕೊಳವೆಯೂ ಮನೆಯೊಡನೆ ಇದ್ದಿತು. ಅದನ್ನು ಇಂಥ ದಿನ ತೆಗೆಯುವುದಾಗಿ ಸಂಘದವರು ಚೀಟಿ ಹಚ್ಚಿರುವರು. ಬದಲಿ ವ್ಯವಸ್ಥೆಯು ಸಿದ್ಧವಾಗುವ ತನಕ ಅದನ್ನು ತೆಗೆಯದಂತೆ ತಾವು ಸಂಘಕ್ಕೆ ತಿಳಿಸಬೇಕೆಂದೂ, ಬದಲಿಯ ವೆಚ್ಚವನ್ನು ತಾವು ವಹಿಸಬೇಕು ಇಲ್ಲವೆ ಬಾಡಿಗೆಯಲ್ಲಿ ಇಂತಿಷ್ಟು ಇಳಿಸಬೇಕೆಂದೂ ಪ್ರಾರ್ಥಿಸುತ್ತೇವೆ. ಬಾಡಿಗೆಯನ್ನು ಎಂದಿನಂತೆ ಸಲ್ಲಿಸುತ್ತಿದ್ದೇವೆ.’ ಇದನ್ನು ಸ್ವೀಕೃತಿ ದೊರೆಯುವ ಅಂಚೆಯಲ್ಲಿ ಕಳುಹಿಸಿ, ಒಂದು ಪ್ರತಿಯನ್ನು ಸಂಘಕ್ಕೂ ಕೊಡತಕ್ಕದ್ದು. ನೂರಕ್ಕೆ ಹೆಚ್ಚು ಪಾಲು ಜಗಳ ಇಂತಹ ಕಾಗದದಲ್ಲಿಯೇ ತೀರುವುದೆಂಬುದು ನಮ್ಮ ಭಾವನೆ. ತೀರದಿದ್ದರೆ ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಶಾಸನದಂತೆ ಸ್ತ್ರೀಯರಿಗೆ, ಅವರ ಆದಾಯವೆಷ್ಟೇ ಇರಲಿ, ವಕೀಲರ ನೆರವು ಉಚಿತ. 15100 ಸಂಖ್ಯೆಗೆ ಫೋನು ಮಾಡಿಯೂ ವಿಚಾರಿಸಬಹುದು. ಆದುದರಿಂದ ಕಾಗದಕ್ಕೆ ಸಹಿ ಮಾಡುವವರು ಮನೆಯ ಗೃಹಿಣಿಯರಾದರೆ ಪ್ರಯೋಜನವೇ ಹೆಚ್ಚು, ಕರಾರಿನಲ್ಲಿ ಅವರ ಹೆಸರೂ ಇದ್ದರೆ.

ಕೊಳವೆ ತೆಗೆಯುವ ದಿನ ಮನೆಯಲ್ಲಿ ಒಬ್ಬರಾದರೂ ದೊಡ್ಡವರು ಇರತಕ್ಕದ್ದು. ಮೀಟರಿನ ಕೊನೆಯ ಅಂಕೆಯನ್ನು ಬರೆದು ಅದರ ಛಾಯಾಚಿತ್ರ ತೆಗೆದಿಡಿರಿ. ಮುಂದೆ ಬಿಲ್ಲಿನ ತಕರಾರು ಬಾರದು. ಅಡಿಗೆಮನೆಯೊಳಗೆ ಉಳಿದ ಕೊಳವೆಯ ಬಾಯಿಗೆ ಮುಚ್ಚಳ ಬಿಗಿದಿದ್ದಾರೆಯೆ ಎಂದು ಕಣ್ಣಾರೆ ನೋಡಿರಿ. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ನಿಲ್ಲುವುದು. ಆದುದರಿಂದ ವಾಸನೆ ಬಂದರೆ ಕಿಟಕಿಯಷ್ಟೇ ಸಾಲದು, ಹೊರಬಾಗಿಲನ್ನೂ ತೆರೆಯಬೇಕು. ದೀಪದ ಸ್ವಿಚ್ಚನ್ನು ಹಾಕುವುದೂ ಬೇಡ, ಆರಿಸುವುದೂ ಬೇಡ. ಮನೆಯಿಂದ ಹೊರಗೆ ಬಂದು 1906ಕ್ಕೆ ಫೋನು ಮಾಡಿರಿ. ಹಗಲಿರುಳೂ ಉತ್ತರ ಕೊಡುವರು.